ಸಾಲು ತಪ್ಪಿದ ನೇಗಿಲು

ಸಿಸ್ಟರ್ ಅವರಿಗೆ ನಮಸ್ಕಾರ.

ವಾರ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆಯೇ ಕರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಹೋದ ಸಂಚಿಕೆಯಲ್ಲಿ ಇಟಲಿಯ ಲಕೂನಾ ಕಾಯ್ಲ್ ಎಂಬ ಮೆಟಲ್ ಸಂಗೀತ ತಂಡ ಹುಚ್ಚಾಸ್ಪತ್ರೆಯನ್ನೇ ವಸ್ತುವಾಗಿಟ್ಟುಕೊಂಡು ಮಾಡಿದ ‘ಡೆಲಿರಿಯಂ’ ಆಲ್ಬಂ ಬಗ್ಗೆ ನಾನು ಬರೆದದ್ದನ್ನು ಓದಿ ದೀರ್ಘ ಪತ್ರ ಬರೆದಿದ್ದೀರಿ. ಮಾನಸಿಕ ಆಸ್ಪತ್ರೆಯಲ್ಲಿ 26 ವರ್ಷ ನರ್ಸ್ ಆಗಿದ್ದವರು ನೀವು. ರೋಗಿಗಳ ಸಂಕಟವನ್ನು ವೇದಿಕೆಯ ವೇಷ ಮಾಡಿಕೊಳ್ಳುವುದು ಸರಿಯೇ ಎಂದು ಕೇಳಿದ್ದೀರಿ. ಡೆಲಿರಿಯಂ ಎಂದರೆ ಹುಚ್ಚು ಎಂದು ನಾನು ಬರೆದದ್ದನ್ನು ತಿದ್ದಿದ್ದೀರಿ. ಮೊಮ್ಮಗನ ಮೊಬೈಲಿನಲ್ಲಿ ಹಾಡು ಕೇಳಿ, “ಆ ಹೆಣ್ಣುಮಗಳ ಕಂಠ ಅಷ್ಟು ಚೆನ್ನಾಗಿದೆ, ಪಕ್ಕದಲ್ಲಿ ಆ ಗಂಡಸು ಯಾಕೆ ಹಾಗೆ ಅರಚಬೇಕು?” ಎಂದೂ ಕೇಳಿದ್ದೀರಿ.

ತಿದ್ದಿದ್ದು ಸರಿ. ಜ್ವರ ನೆತ್ತಿಗೇರಿದಾಗ, ಆಪರೇಷನ್ ಆದ ಮೇಲೆ ಕೆಲವರಿಗೆ ಇದ್ದಕ್ಕಿದ್ದಂತೆ ಕವಿಯುವ ಗೊಂದಲಕ್ಕೆ ಆ ಹೆಸರು. ಲ್ಯಾಟಿನ್ನಿನಲ್ಲಿ ಆ ಪದದ ಮೂಲ ಅರ್ಥ ನೇಗಿಲು ಸಾಲು ಬಿಟ್ಟು ಆಚೆ ಹೋಗುವುದು. ಸಾಲು ತಪ್ಪಿದ ಮಾತ್ರಕ್ಕೆ ನೇಗಿಲು ಮುರಿದಂತಲ್ಲ. ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಇನ್ನು ಆ ಅರಚಾಟ. ಇದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ ಸಿಸ್ಟರ್. ನಿಮ್ಮ ವಾರ್ಡಿನಲ್ಲಿದ್ದ ಹೆಂಗಸೊಬ್ಬರು ಬೆಳಗಿನ ಜಾವ ಒಂದಕ್ಷರ ತಪ್ಪದೆ ದಾಸರ ಪದ ಹೇಳುತ್ತಿದ್ದರು, ಸಂಜೆಯಾದರೆ ಅವರದೇ ಎಂದು ಗುರುತು ಸಿಗದ ದನಿಯಲ್ಲಿ ಕೂಗುತ್ತಿದ್ದರು ಎಂದು ಬರೆದಿದ್ದೀರಿ. ಹಾಡಿದವರೂ ಕೂಗಿದವರೂ ಒಬ್ಬರೇ ಅಲ್ಲವೇ? ಕ್ರಿಸ್ಟೀನಾ ಸ್ಕಾಬಿಯಾ ಮತ್ತು ಆಂಡ್ರಿಯಾ ಫೆರ್ರೊ (ಇಟಲಿಯಲ್ಲಿ ಆಂಡ್ರಿಯಾ ಗಂಡಸರ ಹೆಸರು) 1990ರ ದಶಕದಿಂದ ಮಿಲಾನಿನ ಈ ತಂಡದಲ್ಲಿ ಜೊತೆಗೆ ಹಾಡುತ್ತಿದ್ದಾರೆ. ನಡುವಿನ ಎಷ್ಟೋ ಆಲ್ಬಂಗಳಲ್ಲಿ ಆಂಡ್ರಿಯಾ ಹೆಚ್ಚಾಗಿ ಸಾದಾ ದನಿಯಲ್ಲೇ ಹಾಡಿದ್ದರು. 2016ರ ಈ ಆಲ್ಬಂಗೆ ಮತ್ತೆ ಆ ಗೊಗ್ಗರು ದನಿ ಹೊರತೆಗೆದರು. ಅದಕ್ಕೆ ಗ್ರೌಲ್ ಎನ್ನುತ್ತಾರೆ, ಸಿಟ್ಟಿನ ಕಿರುಚಾಟವಲ್ಲ. ಮಾತಾಡುವ ಸ್ವರತಂತುಗಳ ಮೇಲೆ ಇನ್ನೊಂದು ಜೋಡಿ ಮಡಿಕೆಗಳಿವೆ, ಅವನ್ನು ಅದುರಿಸಿ ತೆಗೆಯುವ ದನಿ. ಕಲಿಯದೆ ಮಾಡಿದರೆ ಗಂಟಲು ಕೆಡುತ್ತದೆ. ಮೊದಲ ಹಾಡು ‘ದಿ ಹೌಸ್ ಆಫ್ ಶೇಮ್’ ಕೇಳಿ. ನೆಲದಡಿಯಿಂದ ಬಂದಂತಿರುವ ಆ ಗುಡುಗು ಒಂದು ಕಡೆ, ಪಲ್ಲವಿಗೆ ಬಂದಾಗ ಅದರ ಮೇಲಿಂದ ಎದ್ದು ನಿಲ್ಲುವ ಕ್ರಿಸ್ಟೀನಾ ದನಿ ಇನ್ನೊಂದು ಕಡೆ. ಅವರಿಬ್ಬರೂ ಜಗಳವಾಡುತ್ತಿಲ್ಲ. ನನ್ನ ಕಿವಿಗೆ ಅದು ಒಂದೇ ತಲೆಯೊಳಗಿನ ಬೆಳಗು ಮತ್ತು ಸಂಜೆ. ಗಂಡಸಿನ ದನಿ ತೆಗೆದುಬಿಟ್ಟರೆ ಚೆಂದದ ಹಾಡು ಉಳಿದೀತು, ರೋಗಿ ಉಳಿಯುವುದಿಲ್ಲ.

ವೇಷದ ಮಾತು ಕಷ್ಟದ್ದು. ಈ ಹಾಡುಗಳಿಗಾಗಿ ಉತ್ತರ ಇಟಲಿಯ ಪಾಳುಬಿದ್ದ ಹುಚ್ಚಾಸ್ಪತ್ರೆಗಳನ್ನು ಹೋಗಿ ನೋಡಿದ್ದಾಗಿ ತಂಡದವರು ಹೇಳಿದ್ದಾರೆ. ಆ ಕಟ್ಟಡಗಳು ಪಾಳುಬಿದ್ದದ್ದು ಹೇಗೆಂದು ನಿಮ್ಮಂಥವರು ಕೇಳಬೇಕು. ಫ್ರಾಂಕೊ ಬಸಾಲಿಯಾ ಎಂಬ ಮನೋವೈದ್ಯರು ಟ್ರಿಯೆಸ್ಟೆ ಊರಿನ ಹುಚ್ಚಾಸ್ಪತ್ರೆಯ ಮುಖ್ಯಸ್ಥರಾಗಿದ್ದಾಗ, 1973ರಲ್ಲಿ, ರೋಗಿಗಳೂ ಕಲಾವಿದರೂ ಸೇರಿ ಮರ ಮತ್ತು ಕಾಗದದ ಮುದ್ದೆಯಿಂದ ದೊಡ್ಡದೊಂದು ನೀಲಿ ಕುದುರೆ ಮಾಡಿದರು. ಹೊರಗೆ ಮೆರವಣಿಗೆ ತರಬೇಕೆಂದರೆ ಬಾಗಿಲು ಸಾಲಲಿಲ್ಲ. ಬಾಗಿಲನ್ನೇ ಒಡೆದರು, ಕುದುರೆಯ ಹಿಂದೆ ರೋಗಿಗಳೂ ಊರೊಳಗೆ ನಡೆದರು. ಅದೇ ಹಾದಿಯಲ್ಲಿ 1978ರ ಮೇ ತಿಂಗಳಲ್ಲಿ ಇಟಲಿ 180ನೇ ಕಾನೂನು ತಂದು ಹೊಸ ಹುಚ್ಚಾಸ್ಪತ್ರೆ ಕಟ್ಟುವುದನ್ನು ನಿಲ್ಲಿಸಿತು, ಹಳೆಯವನ್ನು ಒಂದೊಂದಾಗಿ ಮುಚ್ಚುತ್ತ ಬಂತು. ಆಗ ಕ್ರಿಸ್ಟೀನಾಗೆ ಆರು ವರ್ಷವೂ ತುಂಬಿರಲಿಲ್ಲ. ಆ ಖಾಲಿ ಕಟ್ಟಡಗಳು ಊರಂಚಿನಲ್ಲಿ ನಿಂತಿದ್ದ ದೇಶದಲ್ಲೇ ಈ ತಂಡ ಬೆಳೆಯಿತು.

ಅಷ್ಟಾದರೂ ವೇದಿಕೆಯ ಮೇಲೆ ತಂಡದವರ ಕಲೆ ಹತ್ತಿದ ಬಿಳಿ ಬಟ್ಟೆ, ಮುಖಕ್ಕೆ ಬಳಿದ ಬಣ್ಣ ನೋಡಿದಾಗ ನನಗೂ ಕಸಿವಿಸಿಯಾಗುತ್ತದೆ. ಕಟ್ಟಿಹಾಕಿಸಿಕೊಂಡವರನ್ನು ಕಣ್ಣಾರೆ ಕಂಡ ನೀವು ಅದನ್ನು ಒಪ್ಪಲೇಬೇಕೆಂದು ನಾನು ವಾದಿಸುವುದಿಲ್ಲ. ಆದರೆ ಆ 11 ಹಾಡುಗಳಲ್ಲಿ ಗೇಟಿನಾಚೆ ನಿಂತು ಇಣುಕಿ ನೋಡುವ ದನಿ ಎಲ್ಲೂ ನನಗೆ ಕೇಳಿಸಲಿಲ್ಲ. ಹಾಡುವವರು ಒಳಗೇ ಇದ್ದಾರೆ.

ಮೊಮ್ಮಗನಿಗೆ ಹೇಳಿ ಐದನೆಯ ಹಾಡು ‘ಡೌನ್‌ಫಾಲ್’ ಹಾಕಿಸಿಕೊಳ್ಳಿ, ಮೊಬೈಲಿನ ಸ್ಪೀಕರಿನಲ್ಲಿ ಬೇಡ, ಹೆಡ್‌ಫೋನಿನಲ್ಲಿ. ಅಬ್ಬರ ಕಡಿಮೆ, ನಿಧಾನದ ಹಾಡು. ಬೆಳಗಿನ ಹೊತ್ತೇ ಕೇಳಿ, ನಿಮ್ಮ ವಾರ್ಡಿನ ಆ ತಾಯಿ ಪದ ಹೇಳುತ್ತಿದ್ದ ಹೊತ್ತಿಗೆ. ಕೇಳಿದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಬೈದು ಬರೆದರೂ ಸರಿ. ನೀವು ಹೇಳಿದ ತಿದ್ದುಪಡಿ ಇದೇ ಸಂಚಿಕೆಯ ಮೊದಲ ಪುಟದಲ್ಲಿದೆ.

– ಸಂಪಾದಕ