ಆಲೂಗಡ್ಡೆ ಬೇಯುವಷ್ಟು ಹೊತ್ತು

ನಮಸ್ಕಾರ. ನಿರ್ದೇಶಕಿ ಶಾಂತಾಲ್ ಆಕರ್‌ಮನ್ ಅವರ ‘ಝಾನ್ ಡೀಲ್‌ಮನ್’ (1975) ಸಿನಿಮಾ ಕುರಿತು ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸ್ವಚ್ಛವಾಗಿದೆ, ಇಂಥ ಸಿನಿಮಾದ ಬಗ್ಗೆ ಬರೆಯಲು ಹೊರಟಿದ್ದೇ ಸಂತೋಷ. ಆದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು. ಯಾಕೆ ಅಂತ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಸಾಲು: “ಕ್ಯಾಮೆರಾ ನಾಯಕಿಯ ಮನದಾಳಕ್ಕೆ ಇಳಿದು ಪ್ರೇಕ್ಷಕನನ್ನು ಆತಂಕದ ಸುಳಿಗೆ ತಳ್ಳುತ್ತದೆ.” ಎಲ್ಲಿ ಇಳಿಯಿತು? ಆ ಕ್ಯಾಮೆರಾ ಅಲ್ಲಾಡುವುದೇ ಇಲ್ಲ. ಛಾಯಾಗ್ರಾಹಕಿ ಬಾಬೆಟ್ ಮಾಂಗೋಲ್ಟ್ ಅದನ್ನು ಅಡುಗೆಮನೆಯಲ್ಲಿ ಒಂದು ಕಡೆ ಇಟ್ಟು ಬಿಟ್ಟಿದ್ದಾರೆ. ಕ್ಲೋಸಪ್ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ನಲ್ಲಿ ನೀರು, ಚಪ್ಪಲಿ ಸದ್ದು, ಸ್ವಿಚ್ಚಿನ ಟಿಕ್, ಅಷ್ಟೇ. ಅವಳ ಮನಸ್ಸಲ್ಲಿ ಏನಿದೆ ಅಂತ ಯಾರೂ ನಮಗೆ ಹೇಳುವುದಿಲ್ಲ. ಹಾಗಿದ್ದೂ ನಿಮಗೆ ಆತಂಕ ಆಯಿತು, ಅಲ್ವಾ? ಅದು ಹೇಗಾಯಿತು ಅನ್ನುವುದನ್ನೇ ನೀವು ಬರೆದಿಲ್ಲ.

ಮುಂದಿನ ಸಾಲು: “ಆಲೂಗಡ್ಡೆ ಆಕೆಯ ಬರಡು ಬದುಕಿನ ಸಂಕೇತ.” ಇದಂತೂ ನನಗೆ ಜಾಸ್ತಿ ಚುಚ್ಚಿತು. ಅದು ಆಲೂಗಡ್ಡೆ. ರಾತ್ರಿ ಊಟಕ್ಕೆ ಬೇಯಬೇಕು. ಬ್ರಸೆಲ್ಸ್‌ನ ಫ್ಲ್ಯಾಟ್, ಗಂಡ ಸತ್ತ ಹೆಂಗಸು, ಶಾಲೆಗೆ ಹೋಗುವ ಮಗ, ದುಡ್ಡು ಕೊಟ್ಟು ಅವಳ ಜೊತೆ ಮಲಗಲು ಮಧ್ಯಾಹ್ನಕ್ಕೊಬ್ಬ ಗಿರಾಕಿ, ಒಟ್ಟು ಮೂರು ದಿನ, 201 ನಿಮಿಷ. ಮೊದಲ ದಿನ ಅವಳು ಆಲೂಗಡ್ಡೆ ಒಲೆ ಮೇಲಿಡುತ್ತಾಳೆ, ಗಿರಾಕಿ ಬಂದು ಹೋಗುತ್ತಾನೆ, ದುಡ್ಡು ಪಿಂಗಾಣಿ ಪಾತ್ರೆಯೊಳಗೆ ಹೋಗುತ್ತದೆ, ಮುಚ್ಚಳ ಬೀಳುತ್ತದೆ, ಆಲೂಗಡ್ಡೆ ಹದವಾಗಿ ಬೆಂದಿರುತ್ತದೆ. ನಮಗೆ ಬೋರಾಗುತ್ತದೆ. ಆದರೆ ಬೋರಾಗುತ್ತಲೇ ಆ ಮನೆಯ ಹೊತ್ತುಗೊತ್ತು ನಮಗೂ ರೂಢಿಯಾಗಿಬಿಡುತ್ತದೆ. ಎರಡನೇ ದಿನ ಮುಚ್ಚಳ ತೆರೆದೇ ಇದೆ, ಅವಳ ಕೂದಲು ಕೆದರಿದೆ, ಆಲೂಗಡ್ಡೆ ಅತಿಯಾಗಿ ಬೆಂದಿದೆ, ಆ ಆಲೂಗಡ್ಡೆ ಪಾತ್ರೆ ಹಿಡಿದು ಏನು ಮಾಡಬೇಕೆಂದು ತೋಚದೆ ಮನೆ ತುಂಬ ಓಡಾಡುತ್ತಾಳೆ. ನಮ್ಮ ಎದೆ ಡವಡವ. ಮೊದಲ ದಿನವನ್ನು ಐದು ನಿಮಿಷಕ್ಕೆ ಕತ್ತರಿಸಿದ್ದರೆ ಆ ಮುಚ್ಚಳ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಸಿನಿಮಾ ಪುಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ನನ್ನನ್ನು ಫಿಲ್ಮ್ ಸೊಸೈಟಿಯ ಪ್ರದರ್ಶನಗಳಿಗೆ ಕರೆದೊಯ್ಯುತ್ತಿದ್ದರು. ನನಗೆ ಒಂದೇ ಕೆಲಸ. ಪ್ರತಿ ಶಾಟ್ ಎಷ್ಟು ಹೊತ್ತು ನಿಂತಿತು ಅಂತ ಮನಸ್ಸಲ್ಲೇ ಎಣಿಸಿ ಬರೆದುಕೊಳ್ಳಬೇಕು. ಕತ್ತಲಲ್ಲಿ ಗೀಚಿದ ಅಂಕೆಗಳು ಒಂದರ ಮೇಲೊಂದು ಹತ್ತಿಕೊಂಡಿರುತ್ತಿದ್ದವು. ಮರುದಿನ ಅವರು ಕೇಳುತ್ತಿದ್ದುದು ಇಷ್ಟೇ: “ಎಣಿಸೋದು ಎಲ್ಲಿ ಮರೆತೆ?” ಸಿನಿಮಾ ನಿನ್ನನ್ನು ಹಿಡಿದಿದ್ದು ಅಲ್ಲೇ, ಅಲ್ಲಿಂದ ಬರೆಯಲು ಶುರು ಮಾಡು ಅನ್ನುತ್ತಿದ್ದರು. ಇವತ್ತಿಗೂ ನಾನು ಹಾಗೇ ನೋಡುತ್ತೇನೆ.

ನಿಮ್ಮ ಮೂರನೇ ಪುಟದ ಸಾಲು ಇನ್ನೊಂದಿದೆ: “ಎಲ್ಲವೂ ಮಂದಗತಿಯಲ್ಲಿ ಸಾಗಿ ಕೊನೆಗೆ ಆಘಾತ ನೀಡುತ್ತದೆ.” ಎಲ್ಲವೂ ಅಲ್ಲ. ಪಾತ್ರೆ ತೊಳೆಯುವುದನ್ನು ಪೂರ್ತಿ ತೋರಿಸುವ ಆಕರ್‌ಮನ್ ಮೊದಲೆರಡು ದಿನ ಮಲಗುವ ಕೋಣೆಯನ್ನು ಮಾತ್ರ ಹಾರಿಸಿಬಿಡುತ್ತಾರೆ. ಬಾಗಿಲು ಮುಚ್ಚುತ್ತದೆ, ಬೆಳಕು ಬದಲಾಗುತ್ತದೆ, ಗಿರಾಕಿ ಹೊರಡುತ್ತಾನೆ. ಬೇರೆಯವರು ಕತ್ತರಿಸುವುದನ್ನು ಉಳಿಸಿ, ಬೇರೆಯವರು ತೋರಿಸುವುದನ್ನು ಕತ್ತರಿಸಿದ್ದಾರೆ. ಹಾಗಾಗಿ ಮೂರನೇ ದಿನ ನಾವು ಆ ಕೋಣೆಯ ಒಳಗೇ ಇದ್ದೇವೆ ಅಂತ ಗೊತ್ತಾದ ಕೂಡಲೇ, ಅವಳು ಗಿರಾಕಿಯನ್ನು ಇರಿಯಲು ಕತ್ತರಿಗೆ ಕೈ ಹಾಕುವುದಕ್ಕೆ ಮುಂಚೆಯೇ, ಭಯ ಹತ್ತುತ್ತದೆ. ಝಾನ್ ಪಾತ್ರ ಮಾಡಿದ ಡೆಲ್ಫೀನ್ ಸೇರಿಗ್ ಮುಖದಲ್ಲಿ ಅದಕ್ಕೆ ಮೊದಲು ಏನಾಗುತ್ತದೆ ಅಂತ ಇನ್ನೊಮ್ಮೆ ನೋಡಿ. ಅದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲ ಎರಡು ಪುಟ ಕಿತ್ತುಹಾಕಿ. ಆ ಮುಚ್ಚಳದಿಂದ ಶುರು ಮಾಡಿ. ‘ಆತಂಕ’, ‘ಒಂಟಿತನ’, ‘ಸಂಕೇತ’ ಈ ಮೂರನ್ನೂ ಬಳಸದೆ ಬರೆದು ಮತ್ತೆ ಕಳಿಸಿ. ಖಂಡಿತ ಓದುತ್ತೇನೆ.