ಗಾಲ್ಫ್ ಐರನ್ ಕ್ಲಬ್ ನಂಬರಿಗೆ ಮನೇಲೇ ಬಣ್ಣ ತುಂಬೋದು: ಮುಳಬಾಗಿಲು ಸರ್ ಪ್ರಶ್ನೆಗೆ

ಮುಳಬಾಗಿಲಿಂದ ಕೇಳಿದ ಸರ್‌ಗೆ. ಸೆಕೆಂಡ್ ಹ್ಯಾಂಡ್ ಐರನ್ ಸೆಟ್ (ಲೋಹದ ತಲೆಯ ಗಾಲ್ಫ್ ಕೋಲುಗಳು) ತಗೊಂಡಿದೀನಿ, ನಂಬರು ಲೋಗೋ ಬಣ್ಣ ಅರ್ಧಂಬರ್ಧ ಉದುರಿದೆ, ಸ್ಪ್ರೇ ಹೊಡೀಲಾ ಅಂತ ಕೇಳಿದ್ರಿ. ಸ್ಪ್ರೇ ಬೇಡವೇ ಬೇಡ. ಇದು ಬಳಿಯೋ ಕೆಲಸ ಅಲ್ಲ, ಕೊರೆದಿರೋ ಗುಣಿಯೊಳಗೆ ಬಣ್ಣ ತುಂಬಿ ಮೇಲಿಂದು ಒರೆಸಿ ತೆಗೆಯೋ ಕೆಲಸ, ಮನೇಲೇ ಆರಾಮಾಗಿ ಆಗುತ್ತೆ. ಎಲ್ರೂ ಯಾವ ಬಣ್ಣ ಅಂತ ತಲೆ ಕೆಡಿಸ್ಕೊಳ್ತಾರೆ, ನಾನಂತೂ ಒರೆಸೋದ್ರಲ್ಲೇ ಎಲ್ಲ ಇದೆ ಅಂತೀನಿ.

ಮೊದ್ಲು ಫಿನಿಷ್ ನೋಡ್ಕೊಳಿ. ಹೊಳೆಯೋ ಕ್ರೋಮ್ ಐರನ್‌ಗೆ ಅಸಿಟೋನ್, ಅಂದ್ರೆ ಹಳೇ ಬಣ್ಣ ತೆಗೆಯೋ ದ್ರಾವಣ, ಏನೂ ಮಾಡಲ್ಲ. ಡ್ರೈವರ್, ವುಡ್, ಕಪ್ಪು ಪೇಂಟ್ ಇರೋ ಪಟ್ಟರ್ ಅನ್ನೋ ಬೇರೆ ಕ್ಲಬ್‌ಗಳಿಗೆ ಮುಟ್ಟಿಸ್ಲೇಬೇಡಿ, ಕಂಪನಿ ಪೇಂಟೇ ಕಿತ್ಕೊಂಡ್ ಬರುತ್ತೆ. ಹೆಡ್ಡೂ (ಚೆಂಡು ಹೊಡೆಯೋ ತಲೆ) ಶಾಫ್ಟೂ (ಕೋಲು) ಸೇರೋ ಕಡೆ ಕಪ್ಪು ಪ್ಲಾಸ್ಟಿಕ್ ಉಂಗುರ ಇರುತ್ತಲ್ಲ, ಫೆರೂಲ್, ಅದು ಅಸಿಟೋನ್ ಬಿದ್ರೆ ಕರಗಿ ಅಂಟಂಟಾಗುತ್ತೆ, ಹಿಂದ್ಗಡೆ ಅಂಟಿಸಿರೋ ಪ್ಲಾಸ್ಟಿಕ್ ಬ್ಯಾಡ್ಜೂ ಅಷ್ಟೇ, ಹಂಗಾಗಿ ಹೆಡ್ಡನ್ನ ಯಾವಾಗ್ಲೂ ಕೆಳಗೆ ಇಳಿಸ್ಕೊಂಡೇ ಕೆಲಸ ಮಾಡಿ, ದ್ರಾವಣ ಶಾಫ್ಟ್ ಕಡೆ ಹರೀಬಾರ್ದು.

ನಮ್ ಕೋಲಾರದ ಕೆಂಪು ಮಣ್ಣು ನಂಬರೊಳಗೆ ಗಟ್ಟಿಯಾಗಿ ಕೂತಿರುತ್ತೆ. ಅದರ ಮೇಲೆ ಬಣ್ಣ ಹಾಕಿದ್ರೆ ಮಣ್ಣಿನ ಜೊತೆಗೇ ಎದ್ದು ಬರೋದು. ಬಿಸಿನೀರು, ಸೋಪು, ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿ, ಒಣಗಿದ ಮೇಲೆ ಅಸಿಟೋನ್ ಹತ್ತಿ ಇಟ್ಟು ಮೇಲೊಂದು ಪ್ಲಾಸ್ಟಿಕ್ ಕವರ್ ಮುಚ್ಚಿ ಹತ್ತು ನಿಮಿಷ ಬಿಡಿ, ಮುಚ್ದೆ ಇದ್ರೆ ಬೇಗ ಆರಿಹೋಗುತ್ತೆ. ಆಮೇಲೆ ಟೂತ್‌ಪಿಕ್‌ನಲ್ಲಿ ಕೆದಕಿದ್ರೆ ಹಳೇದೆಲ್ಲ ಬರುತ್ತೆ. ಕಿಟಕಿ ತೆಗ್ದಿರ್ಲಿ, ಒಲೆ, ದೇವರ ದೀಪ ಯಾವ್ದೂ ಹತ್ರ ಉರೀತಿರಬಾರ್ದು, ಅಸಿಟೋನ್ ಥಟ್ ಅಂತ ಹತ್ಕೊಳ್ಳುತ್ತೆ.

ಬಣ್ಣಕ್ಕೆ ಫ್ಯಾನ್ಸಿ ಸ್ಟೋರ್ ನೇಲ್ ಪಾಲಿಷ್ ಸಾಕು, ಬೇಗ ಒಣಗುತ್ತೆ. ಜಾಸ್ತಿ ದಿನ ತಡೀಬೇಕು ಅಂದ್ರೆ ಪೇಂಟ್ ಅಂಗಡಿಯ ಎನಾಮೆಲ್ ಚಿಕ್ಕ ಡಬ್ಬಿ ತಗೊಳ್ಳಿ, ಒಣಗೋಕೆ ಟೈಮ್ ಹಿಡಿಯುತ್ತೆ ಅಷ್ಟೇ. ಟೂತ್‌ಪಿಕ್ ತುದೀಲಿ ಒಂದೊಂದೇ ತೊಟ್ಟು ಬಿಡಿ, ತಾನೇ ಗುಣಿಗೆ ಹರ್ಕೊಳ್ಳುತ್ತೆ, ಹೊರಗೆ ಚೆಲ್ಲಿದ್ರೂ ಪರವಾಗಿಲ್ಲ. ಒಣಗ್ತಾ ಬಣ್ಣ ಕುಗ್ಗುತ್ತೆ, ಅದಕ್ಕೇ ಎರಡನೇ ಸಲ ತುಂಬಿ. ಬಿಸಿಲಿಗಿಡಬೇಡಿ, ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತೆ. ಮಳೆಗಾಲದ ತೇವದಲ್ಲಿ ನೇಲ್ ಪಾಲಿಷ್ ಬೆಳ್ಳಗೆ ಮಂಕಾಗೋದೂ ಉಂಟು.

ಈಗ ಒರೆಸೋದು. ಹತ್ತಿ, ಟಿಶ್ಯೂ ತಗೋಬೇಡಿ, ಅವು ಮೆತ್ತಗಿರೋದ್ರಿಂದ ಗುಣಿಯೊಳಗೆ ಇಳಿದು ತುಂಬಿದ್ದನ್ನೇ ಎಳೀತಾವೆ. ಹಳೇ ಎಟಿಎಂ ಕಾರ್ಡಿಗೆ ಬನಿಯನ್ ಬಟ್ಟೆ ಬಿಗಿಯಾಗಿ ಸುತ್ತಿ, ನೇಲ್ ಪಾಲಿಷ್‌ಗಾದ್ರೆ ಅಸಿಟೋನ್, ಎನಾಮೆಲ್‌ಗಾದ್ರೆ ಟರ್ಪೆಂಟೈನ್, ಬಟ್ಟೆ ತೇವ ಅಷ್ಟೇ ಆಗ್ಬೇಕು, ತೊಟ್ಟಿಕ್ಕಬಾರ್ದು. ಒತ್ತದೆ ಒಂದೇ ದಿಕ್ಕಿಗೆ ಎಳೀರಿ, ಪ್ರತಿ ಸಲ ಬಟ್ಟೆಯ ಹೊಸ ಜಾಗ. ಅಂಚು ಕತ್ತರಿಸಿದಂಗೆ ನೀಟಾಗಿ ಬರುತ್ತೆ ಸರ್, ನೋಡೋಕೇ ಖುಷಿ.

ಕೆಜಿಎಫ್ ಕಡೆ ಹಳೇ ಮನೆಗಳಲ್ಲಿ ಸಿಗೋ ಕ್ಲಬ್‌ಗಳಲ್ಲಿ ನಂಬರು ಆಳವಾಗಿ ಅಚ್ಚೊತ್ತಿದ್ರೆ ಅಂಥದ್ದು ತುಂಬೋದು ಸುಲಭ, ಗುಣಿ ಆಳ ಇಲ್ದಿದ್ರೆ ಒರೆಸುವಾಗ ಇನ್ನೂ ಹಗುರ ಕೈ ಬೇಕು. ಮೊದ್ಲು 4 ಐರನ್ ಮೇಲೆ ಕೈ ನೋಡ್ಕೊಳಿ, ಅದನ್ನ ಬ್ಯಾಗಿಂದ ತೆಗೆಯೋದೇ ಕಮ್ಮಿ. ಎನಾಮೆಲ್ ಆದ್ರೆ ಎರಡು ಮೂರು ದಿನ ಆಟಕ್ಕೆ ತಗೋಬೇಡಿ. ಬ್ಯಾಡ್ಜ್ ಲೋಹದ್ದೋ ಪ್ಲಾಸ್ಟಿಕ್ಕೋ ಗೊತ್ತಾಗ್ದಿದ್ರೆ ಅಸಿಟೋನ್ ಹಾಕೋಕೆ ಮುಂಚೆ ಫೋಟೋ ಇಲ್ಲಿ ಹಾಕಿ.