ಶಿರಸಿ ಕಡೆ ಕಾಡಿಗೆ ಬೆಂಕಿ ಬಿದ್ದಾಗ ಸ್ಕ್ಯಾನರ್‌ನಲ್ಲಿ ಏನು ಕೇಳಬೇಕು?

ಸೊಪ್ಪಿನ ಬೆಟ್ಟದ ಪಕ್ಕ ಮನೆ, ಸ್ಕ್ಯಾನರ್ (ಬೇರೆಯವರ ವೈರ್‌ಲೆಸ್ ಮಾತು ಕೇಳಿಸುವ ರೇಡಿಯೋ) ತಗೊಂಡರೆ ಯಾವ ಫ್ರೀಕ್ವೆನ್ಸಿ ಇಡಲಿ ಎಂದು ಕೇಳಿದ್ದೀರಿ. ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ದುಡ್ಡು ಕೊಡುವ ಮೊದಲು ಸ್ವಲ್ಪ ತಾಳಿ. ಅಮೆರಿಕದಲ್ಲಿ ಜನ ಅಗ್ನಿಶಾಮಕದವರ ಮಾತು ಕೇಳುವ ಹಾಗೆ ನಮ್ಮಲ್ಲಿ ಅರಣ್ಯ, ಪೊಲೀಸ್ ಚಾನೆಲ್ ಕೇಳುವಂತಿಲ್ಲ. ಅದಕ್ಕೇ ಆ ನಂಬರ್ ಇಲ್ಲಿ ಬರೆಯುತ್ತಿಲ್ಲ.

ನಿಜವಾಗಲೂ ಆಸಕ್ತಿ ಇದ್ದರೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರೀಕ್ಷೆ ಬರೆಯಿರಿ. 12 ವರ್ಷ ದಾಟಿದವರು ಯಾರು ಬೇಕಾದರೂ ಬರೆಯಬಹುದು. ಲೈಸೆನ್ಸ್ ಸಿಕ್ಕರೆ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಫ್ರೀಕ್ವೆನ್ಸಿ ಬಳಸಬಹುದು. ಕೇಳೋದಷ್ಟೇ ಅಲ್ಲ, ಮಾತೂ ಆಡಬಹುದು. ಒಂದು ಮಾತು: ಈ ಅಲೆಗಳು ಹೆಚ್ಚುಕಡಿಮೆ ನೇರ ಸಾಗುತ್ತವೆ. ನಮ್ಮ ಘಟ್ಟದಲ್ಲಿ ಗುಡ್ಡ ಅಡ್ಡ ಬಂದರೆ ಮುಗಿಯಿತು, ತಗ್ಗಿನ ತೋಟದ ಮನೆಗೆ ಸರಿಯಾಗಿ ಏನೂ ಕೇಳಿಸದು. ಆಂಟೆನಾ ಎತ್ತರದಲ್ಲಿರಲಿ.

ಈ ಬೇಸಿಗೆಗೆ ಜಾಸ್ತಿ ಉಪಯೋಗ ಬೇರೆಯದೇ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್ ನೋಂದಾಯಿಸಿ. ಉಪಗ್ರಹ ಬೆಂಕಿ ಗುರುತಿಸಿದರೆ ಎಸ್‌ಎಂಎಸ್ ಬರುತ್ತದೆ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ಹಾಯುತ್ತದೆ, ಅಲ್ವಾ? ಹಾಗಾಗಿ ಹೊಗೆ ಕಂಡರೆ ಮೆಸೇಜಿಗೆ ಕಾಯಬೇಡಿ. ತಕ್ಷಣ 112ಕ್ಕೆ ಫೋನ್ ಮಾಡಿ. ನಿಮ್ಮ ಭಾಗದ ಫಾರೆಸ್ಟ್ ಗಾರ್ಡ್ ನಂಬರ್ ಇವತ್ತೇ ಬರೆದಿಟ್ಟುಕೊಳ್ಳಿ.